ದೋಣಿ ಹೊಟ್ಟೆಯ ನಾಲ್ಕು ಬೆರಳು ನೀರು

ದೆವ್ವ, ಗಾಳಿ, ಮೈಮೇಲೆ ಬರುವುದು ಅಂತೆಲ್ಲ ಮಾತೆತ್ತಿದವರನ್ನು ಎದುರಿಗೇ ಗೇಲಿ ಮಾಡಿ ಕಳಿಸುತ್ತಿದ್ದವನು ನಾನು. ವಿಜ್ಞಾನದ ಮೇಷ್ಟ್ರು ಬೇರೆ. ನಿಂಬೆಹಣ್ಣು ಕೊಯ್ದು ರಕ್ತ ಬರಿಸುವುದು ಹೇಗೆ ಅಂತ ಮಕ್ಕಳಿಗೆ ಮಾಡಿ ತೋರಿಸಿ, ಊರಿನ ಪೂಜಾರಿಯ ಕಣ್ಣು ಕೆಂಪಗಾಗಿಸಿದ್ದೂ ಉಂಟು. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ನಂಬಿ ಎಂದು ಕೇಳುತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಅದು ತೊಂಬತ್ತರ ದಶಕದ ನಡುಭಾಗ. ನಮ್ಮ ಊರು ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದ ಕಡೆ. ಕೆಲಸ ಸಿಕ್ಕಿದ್ದು ಕಾವೇರಿಯ ಆಚೆ ದಡದ ಒಂದು ಹಳ್ಳಿಯ ಶಾಲೆಯಲ್ಲಿ. ನದಿಯ ಈಚೆಗೆ ಮುಡುಕುತೊರೆ ಬೆಟ್ಟ, ಅದರ ಬುಡದಲ್ಲಿ ಟಿ. ನರಸೀಪುರದ ಬಸ್ಸು ಹಿಡಿಯುವ ರಸ್ತೆ. ಆ ಹಳ್ಳಿಗೂ ರಸ್ತೆಗೂ ನಡುವೆ ಆಗ ಸೇತುವೆ ಇರಲಿಲ್ಲ. ನೀರು ಕಡಿಮೆಯಿದ್ದಾಗ ಹರಿಗೋಲು ನಡೆಯುತ್ತಿತ್ತು, ಹೊಳೆ ಬಂದಾಗ ಕೆಂಪಯ್ಯನ ದೋಣಿಯೊಂದೇ ಗತಿ.

ಕೆಂಪಯ್ಯನಿಗೆ ಆಗ ಐವತ್ತರ ಹತ್ತಿರ. ಮಾತು ಕಡಿಮೆ, ಬೀಡಿ ಜಾಸ್ತಿ. ಅವನ ದೋಣಿ ಹಳೇ ಮರದ್ದು. ನಾವು ಕಾಲಿಡುವ ಹಲಗೆಗೂ ದೋಣಿಯ ತಳಕ್ಕೂ ನಡುವೆ ಮೊಣಕಾಲುದ್ದ ಜಾಗವಿತ್ತು. ಅದಕ್ಕೆ ದೋಣಿ ಹೊಟ್ಟೆ ಎನ್ನುತ್ತಿದ್ದರು. ಎಷ್ಟು ಗಟ್ಟಿ ದೋಣಿಯಾದರೂ ಸಂದಿನಲ್ಲಿ ಜಿನುಗಿ ಅಲ್ಲಿ ನೀರು ತುಂಬುತ್ತದೆ. ಜನರನ್ನು ಹತ್ತಿಸುವ ಮೊದಲು ಕೆಂಪಯ್ಯ ಹಿಂದುಗಡೆಯ ಹಲಗೆ ಎತ್ತಿ, ಒಂದು ಕಡೆ ಚಪ್ಪಟೆ ಮಾಡಿದ ಎಣ್ಣೆ ಡಬ್ಬದಿಂದ ಅದನ್ನು ಮೊಗೆದು ಹೊಳೆಗೆ ಎಸೆಯುತ್ತಿದ್ದ. ನನ್ನ ಮನೆ ದಡದ ಹತ್ತಿರವೇ ಇದ್ದದ್ದರಿಂದ, ಹೊಳೆ ಬಂದ ಕಾಲದಲ್ಲಿ ದಿನಾ ಬೆಳಗ್ಗೆ ಅದರ ಸದ್ದು ಕೇಳಿ ನನಗೆ ಬಾಯಿಪಾಠವಾಗಿತ್ತು. ಡಬ್ಬ ತಳದ ಮರಕ್ಕೆ ಗರ್ ಎಂದು ಉಜ್ಜುವುದು, ನೀರು ಹೊಳೆಗೆ ಬೀಳುವುದು, ಆಮೇಲೆ ಡಬ್ಬವನ್ನು ದೋಣಿಯ ಅಂಚಿಗೆ ಎರಡು ಸಲ ಟಕ್ ಟಕ್ ಎಂದು ಕುಟ್ಟುವುದು. ಆ ಎರಡು ಕುಟ್ಟು ಯಾಕೆ ಎಂದು ಕೇಳಿದ್ದಕ್ಕೆ, "ಅಬ್ಯಾಸ ಸಾ" ಅಂದಿದ್ದ.

ಇನ್ನೊಂದು ಅಭ್ಯಾಸವೂ ಇತ್ತು. ನೀರನ್ನು ಪೂರ್ತಿ ಎತ್ತುತ್ತಿರಲಿಲ್ಲ. ತಳದಲ್ಲಿ ನಾಲ್ಕು ಬೆರಳು ನೀರು ಬಿಟ್ಟು ಹಲಗೆ ಮುಚ್ಚಿಬಿಡುತ್ತಿದ್ದ. ಎತ್ತುವವನು ಪೂರ್ತಿ ಎತ್ತಬಾರದೇ ಎಂದರೆ, "ದ್ವಾಣಿಗೂ ಬಾಯಾರಿಕೆ ಆಯ್ತದೆ ಕಣ್ ಸಾ" ಎನ್ನುವನು. ನಾನು ಜೋರಾಗಿ ನಕ್ಕಿದ್ದೆ. ಮಾರನೆಯ ದಿನ ಏಳನೇ ಕ್ಲಾಸಿನಲ್ಲಿ ಮೂಢನಂಬಿಕೆಗೆ ಉದಾಹರಣೆಯಾಗಿ ಅದನ್ನೇ ಹೇಳಿದೆ.

ಆ ವರ್ಷ ಆಷಾಢದಲ್ಲಿ ಕೆಂಪಯ್ಯನಿಗೆ ಜ್ವರ ಹಿಡಿಯಿತು. ನಾಟಿ ಔಷಧಿ ಎಲ್ಲ ಆಗಿ, ಕೊನೆಗೆ ಹರಿಗೋಲಿನಲ್ಲಿ ದಾಟಿಸಿ ನರಸೀಪುರದ ಆಸ್ಪತ್ರೆಗೆ ಸೇರಿಸಿದರು. ಹರಿಗೋಲು ಹತ್ತುವಾಗ ಮೈ ನಡುಗುತ್ತಿದ್ದರೂ ನಿಂತು, ನನ್ನ ಕಡೆ ತಿರುಗಿ ಹೇಳಿದ: "ದ್ವಾಣೀಲಿ ನೀರು ಬುಟ್ಟಿವ್ನಿ ಸಾ. ಯಾರೂ ಖಾಲಿ ಮಾಡ್ದಂಗೆ ನೋಡ್ಕಳಿ." ಆಗಲಿ ಎಂದೆ. ಮೇಷ್ಟ್ರ ಮಾತು ಊರಲ್ಲಿ ನಡೆಯುತ್ತದೆ ಎಂದು ನನಗೆ ಹೇಳಿದನೇ ಹೊರತು ಬೇರೆ ಕಾರಣವಿರಲಿಲ್ಲ.

ಅದಾದ ಮೂರನೇ ದಿನ ಭಾನುವಾರ. ದಡಕ್ಕೆ ಎಳೆದಿಟ್ಟ ದೋಣಿಯ ಹತ್ತಿರ ಹೋಗಿ ಸುಮ್ಮನೆ ಹಲಗೆ ಎತ್ತಿ ನೋಡಿದೆ. ಕೊಳೆತ ನೀರಿನ ವಾಸನೆ, ಅದರ ತುಂಬ ಕುಣಿಯುವ ಸೊಳ್ಳೆ ಮರಿ. ಆ ವಾರವಷ್ಟೇ ನಿಂತ ನೀರು ಮತ್ತು ಮಲೇರಿಯಾದ ಪಾಠ ಮಾಡಿದ್ದೆ. ಕೆಂಪಯ್ಯನ ಜ್ವರಕ್ಕೆ ಕಾರಣ ಸಿಕ್ಕಿಯೇಬಿಟ್ಟಿತು ಅನ್ನಿಸಿತು. ಊರಿನವರೆಲ್ಲ ಗದ್ದೆಯಲ್ಲಿ ನಾಟಿಯಲ್ಲಿದ್ದರು. ಆ ಡಬ್ಬ ಹಿಡಿದು ಎಲ್ಲ ನೀರು ಎತ್ತಿ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೋ ಏನೋ. ಗೋಣಿಚೀಲ ತಂದು ತಳವನ್ನೆಲ್ಲ ಒರೆಸಿ, ಬಿಸಿಲು ಬೀಳಲಿ ಅಂತ ಸಂಜೆತನಕ ಹಲಗೆಗಳನ್ನು ತೆಗೆದಿಟ್ಟೆ. ಮನೆಗೆ ಬಂದು ಸ್ನಾನ ಮಾಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಹತ್ತು ದಿನ ಮಳೆ ಕೈಕೊಟ್ಟಿತು. ಆಷಾಢದಲ್ಲಿ ಅಂಥ ಸುಡುಬಿಸಿಲು ನಾನು ಕಂಡಿರಲಿಲ್ಲ. ಆದರೆ ನಮ್ಮಲ್ಲಿ ಬಿಸಿಲಿದ್ದರೇನು, ವೈನಾಡಿನಲ್ಲಿ ಮಳೆ ಹೊಡೆದರೆ ಕಪಿಲೆ ತುಂಬುತ್ತಾಳೆ, ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ, ನಮ್ಮ ಹೊಳೆ ಕೆಂಪಾಗುತ್ತದೆ. ಹಾಗೆಯೇ ಆಯಿತು. ಹರಿಗೋಲುಗಳನ್ನು ದಡಕ್ಕೆ ಎತ್ತಿ ಬೋರಲು ಹಾಕಿದರು.

ಅದರ ಮಾರನೆಯ ಮಧ್ಯಾಹ್ನವೇ ಹಾಲಿನ ಡೈರಿಯ ಫೋನಿಗೆ ಸುದ್ದಿ ಬಂತು. ಕೆಂಪಯ್ಯನಿಗೆ ಜ್ವರ ತಲೆಗೇರಿದೆ, ಮೈಸೂರಿಗೆ ಸಾಗಿಸಬೇಕು, ಮನೆಯವರು ತಕ್ಷಣ ಬಂದು ಸಹಿ ಹಾಕಬೇಕು. ಅವನ ಹೆಂಡತಿ ಮಹದೇವಮ್ಮ ಅಳಲಿಲ್ಲ, ಕೂಗಲಿಲ್ಲ. ಕ್ಯಾರಿಯರಿಗೆ ಗಂಜಿ ತುಂಬಿಕೊಂಡು ನನ್ನ ಮನೆ ಬಾಗಿಲಿಗೆ ಬಂದು, "ಡಾಕುಟ್ರ ತಾವ ಮಾತಾಡಾಕೆ ನೀವೂ ಬನ್ನಿ ಸಾ" ಅಂದಳು. ಅವಳ ತಮ್ಮ ನಂಜ ದೋಣಿಯನ್ನು ನೀರಿಗೆ ತಳ್ಳಿದ. ಅವಸರದಲ್ಲಿ ಹಲಗೆ ಎತ್ತಿ ನೋಡುವ ಗೋಜಿಗೆ ಅವನು ಹೋಗಲಿಲ್ಲ. ನನಗೂ ಹೊಳೆಯಲಿಲ್ಲ.

ದೋಣಿಯ ಮುಂದುಗಡೆ ನಂಜ ಬಿದಿರ ಗಳ ಹಿಡಿದು ನಿಂತಿದ್ದ. ಮಧ್ಯದಲ್ಲಿ ಮಹದೇವಮ್ಮ, ಅವಳ ಪಕ್ಕದಲ್ಲಿ ನಾನು, ಇಬ್ಬರೂ ಬೆಟ್ಟದ ಕಡೆ ಮುಖ ಮಾಡಿ. ಕೆಂಪಯ್ಯ ಕೂರುವ ಹಿಂದುಗಡೆ ಯಾರೂ ಇರಲಿಲ್ಲ. ಹೊಳೆಯ ಕಾಲುಭಾಗ ದಾಟಿದ್ದೆವು, ಕಾಲಿಗೆ ತಣ್ಣಗೆ ತಾಗಿತು. ಹಲಗೆಯ ಸಂದಿನಿಂದ ನೀರು ಮೇಲಕ್ಕೆ ಬರುತ್ತಿತ್ತು. ಒಂದು ಹಲಗೆ ಕಿತ್ತು ನೀರೊಳಗೆ ಕೈಯಾಡಿಸಿದೆ. ತಳದ ಮರಗಳ ನಡುವಿನ ಸಂದುಗಳು ಬೆರಳ ತುದಿ ತೂರುವಂತೆ ಬಾಯಿ ಬಿಟ್ಟಿದ್ದವು. ಬಿಸಿಲಿಗೆ ಒಣಗಿದ ಮರ ಕುಗ್ಗುತ್ತದೆ. ಅದು ಮೂಢನಂಬಿಕೆಯಲ್ಲ, ಏಳನೇ ಕ್ಲಾಸಿನ ವಿಜ್ಞಾನ. ನಾಲ್ಕು ಬೆರಳು ನೀರು ಯಾಕೆ ಬಿಡುತ್ತಿದ್ದ ಅಂತ ಆ ಗಳಿಗೆಯಲ್ಲಿ ನನಗೆ ಅರ್ಥವಾಯಿತು.

"ಸಾ, ಮೊಗೀರಿ. ನಾನು ಗಳ ಬುಟ್ರೆ ಸೆಳವು ಎಳ್ಕತದೆ" ಅಂತ ನಂಜ ತಿರುಗದೆಯೇ ಹೇಳಿದ. ಇದ್ದದ್ದು ಒಂದೇ ಡಬ್ಬ. ಮೊಣಕಾಲೂರಿ ಮೊಗೆಯತೊಡಗಿದೆ. ಎಷ್ಟು ಮೊಗೆದರೂ ನೀರು ಏರುತ್ತಲೇ ಇತ್ತು. ಮಹದೇವಮ್ಮ ಕ್ಯಾರಿಯರನ್ನು ಮಡಿಲಲ್ಲಿ ಅವುಚಿಕೊಂಡು ಮುಡುಕುತೊರೆ ಬೆಟ್ಟವನ್ನೇ ನೋಡುತ್ತಿದ್ದಳು. ಅವಳಿಗೂ ಈಜು ಬಾರದು, ನನಗೂ ಬಾರದು. ನನ್ನ ಪ್ರಾಣಕ್ಕಿಂತ, ಗಂಡನನ್ನು ಉಳಿಸಿಕೊಳ್ಳಲು ಹೊರಟವಳನ್ನು ನಾನೇ ಮುಳುಗಿಸುತ್ತಿದ್ದೇನೆ ಎನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು. ಹೊಳೆಯ ನಡುಮಧ್ಯದಲ್ಲಿ ರಟ್ಟೆ ಸೋತು ನನ್ನ ಕೈ ನಿಂತುಹೋಯಿತು.

ಸದ್ದು ನಿಲ್ಲಲಿಲ್ಲ.

ಮೊದಲು ನನ್ನ ಕಿವಿಯೇ ಮೊರೆಯುತ್ತಿದೆ ಅಂದುಕೊಂಡೆ. ಆಮೇಲೆ ಸರಿಯಾಗಿ ಕೇಳಿಸಿತು, ಬೆನ್ನ ಹಿಂದೆ, ದೋಣಿಯ ಹಿಂದುಗಡೆಯಿಂದ. ಮರಕ್ಕೆ ಗರ್ ಎಂದು ಉಜ್ಜಿದ್ದು, ನೀರು ಹೊಳೆಗೆ ಬಿದ್ದದ್ದು, ಟಕ್ ಟಕ್. ಮತ್ತೆ ಗರ್, ಮತ್ತೆ ನೀರು, ಮತ್ತೆ ಟಕ್ ಟಕ್. ಅವಸರವೇ ಇಲ್ಲ, ದಿನಾ ಬೆಳಗ್ಗೆ ಕೇಳುತ್ತಿದ್ದ ಅದೇ ಲಯ. ಡಬ್ಬ ನನ್ನ ಕೈಯಲ್ಲೇ ಇತ್ತು. ತಿರುಗಿ ನೋಡಿದೆ. ಮುಚ್ಚಿದ ಹಲಗೆ, ಅದರಾಚೆ ಕೆಂಪು ಹೊಳೆ, ಅಷ್ಟೇ. ಆದರೆ ನನ್ನ ಮುಂದೆ ತೆರೆದಿದ್ದ ಸಂದಿನಲ್ಲಿ ನೀರು ಇಳಿಯುತ್ತಿತ್ತು. ಒಂದು ಗೇಣು ಇಳಿದದ್ದನ್ನು ಈ ಕಣ್ಣಿಂದ ನೋಡಿದೆ.

ಮತ್ತೆ ಡಬ್ಬ ಮುಳುಗಿಸಲು ಹೋದೆ. ಮಹದೇವಮ್ಮ ಆಗ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು, ಗಂಡ ಮನೆಯೊಳಗೆ ಬಂದಾಗ ಮಾಡುತ್ತಿದ್ದ ಹಾಗೆ. ಹಿಂದೆ ತಿರುಗಲಿಲ್ಲ. ಮೆಲ್ಲಗೆ ಅಂದಳು: "ಸುಮ್ಕೆ ಕೂತ್ಕಳಿ ಸಾ. ಅವ್ರು ಮೊಗೀತಾ ಅವ್ರೆ."

ದಡ ಮುಟ್ಟುವವರೆಗೂ ನಾನು ಹಾಗೇ ಕೂತಿದ್ದೆ. ನನಗೆ ಭಯವಾಯಿತು, ಅದನ್ನು ಹೇಳಲು ನಾಚಿಕೆಯಿಲ್ಲ. ಇಳಿದ ಮೇಲೆ ನಂಜನನ್ನು ಪಕ್ಕಕ್ಕೆ ಕರೆದು ಕೇಳಿದರೆ, "ಏನ್ ಸದ್ದು ಸಾ? ನಂಗೆ ಗಳ ಇಡ್ಯಾದೇ ಆಗೋಗಿತ್ತು" ಅಂದುಬಿಟ್ಟ. ನೀರಿಗೆ ಮರ ಉಬ್ಬಿ ಸಂದುಗಳು ಮುಚ್ಚಿಕೊಂಡಿರಬೇಕು ಅಂತ ಆಗಲೇ ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಆದರೆ ರಸ್ತೆ ಹತ್ತಿ ಹಿಂದಿರುಗಿ ನೋಡಿದಾಗ, ದಡಕ್ಕೆ ಕಟ್ಟಿದ ದೋಣಿ ಅಂಚಿನವರೆಗೂ ಮುಳುಗಿ ಕೂತಿತ್ತು. ಸಂದುಗಳು ಮುಚ್ಚಿಕೊಂಡೇ ಇರಲಿಲ್ಲ.

ನಂಜ ದೋಣಿಯ ಹತ್ತಿರವೇ ಉಳಿದ. ನಾನೂ ಮಹದೇವಮ್ಮನೂ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಕೆಂಪಯ್ಯನ ಬಲಗೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ನರ್ಸಮ್ಮ ಮಹದೇವಮ್ಮನನ್ನು ಕಂಡದ್ದೇ ರೇಗಿದಳು: "ಮಧ್ಯಾಹ್ನ ಒಂದೇ ಸಮ ಕೈ ಬೀಸಿ ಎರಡು ಸಲ ಡ್ರಿಪ್ ಕಿತ್ತಾಕವ್ರೆ ಕಣಮ್ಮ. ಕಟ್ಟಿದ್ರೂ ಬುಡ್ಲಿಲ್ಲ. ಈಗೊಂದು ಗಂಟೆಯಿಂದ ಸುಮ್ನಾಗವ್ರೆ." ಗೋಡೆ ಗಡಿಯಾರ ನೋಡಿದೆ. ನಾವು ದಡ ಸೇರಿಯೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಾಗಿತ್ತು.

ನಮ್ಮ ಸದ್ದಿಗೆ ಕೆಂಪಯ್ಯ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ, ಆಮೇಲೆ ನನ್ನನ್ನು. ದನಿ ಬತ್ತಿಹೋಗಿತ್ತು, ಮಾತು ಮಾತ್ರ ಸ್ಪಷ್ಟ.

"ಗಾಳಿ ಎಡಗಡೆಯಿಂದ ಬತ್ತಾ ಇದ್ರೆ ಎಡಗಡೀಕೇ ಎಸೀತಾರಾ ಸಾ? ಮೊಗ್ದಿದ್ರಲ್ಲಿ ಅರ್ಧ ಒಳೀಕೇ ಬೀಳ್ತಿತ್ತು."

ನಾನು ಎಡಗಡೆಗೇ ಎಸೆದಿದ್ದೆ. ನನ್ನ ಅಂಗಿಯ ಎಡಭಾಗ ಇನ್ನೂ ಒದ್ದೆಯಾಗಿತ್ತು. ಅದನ್ನು ನೋಡಿ ಊಹಿಸಿದನೇ? ಜ್ವರದ ಕಣ್ಣಿಗೆ ಅಷ್ಟೆಲ್ಲ ಕಾಣುತ್ತದೆಯೇ? ಮಹದೇವಮ್ಮನಾದರೂ ಬೆರಗಾದಾಳು ಎಂದು ಅವಳ ಮುಖ ನೋಡಿದೆ. ಅವಳು ಕ್ಯಾರಿಯರಿನ ಮುಚ್ಚಳ ತೆಗೆಯುತ್ತಿದ್ದಳು.

ಕೆಂಪಯ್ಯ ಬದುಕಿದ. ಮೈಸೂರಿನಲ್ಲಿ ಒಂದು ತಿಂಗಳಿದ್ದು, ಅರ್ಧ ಆಳಾಗಿ ಊರಿಗೆ ಬಂದ. ಬಂದ ಎರಡನೇ ದಿನವೇ ದೋಣಿಯನ್ನು ದಡಕ್ಕೆಳೆಸಿ, ಸಂದುಗಳಿಗೆ ನಾರು ತುಂಬಿಸಿ ಟಾರು ಬಳಿಸಿದ. ಸಾಯಂಕಾಲ ಶಾಲೆ ಬಿಟ್ಟು ಅತ್ತ ಹೋದೆ. ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಒಣಗಿಸಿದ್ದು ನಾನು, ನೀನು ಬೇಡವೆಂದಿದ್ದರೂ ಒಣಗಿಸಿದೆ, ನಿನ್ನ ಹೆಂಡತಿ ಅದರಿಂದ ಸಾಯುತ್ತಿದ್ದಳು, ಇಷ್ಟೇ ಮಾತು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವನ ಎದುರಿಗೆ ನಿಂತಾಗ, ಮೈ ಹೇಗಿದೆ ಎಂದಷ್ಟೇ ಕೇಳಿದೆ.

ಅವನು ಆ ದೋಣಿ ಹೇಗೆ ಒಣಗಿತು ಎಂದು ಊರಿನಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ನನ್ನನ್ನೂ ಕೇಳಲಿಲ್ಲ. ಕೈಗೆ ಡಬ್ಬ ಕೊಟ್ಟು, "ಒಸಿ ನೀರು ಉಯ್ದು ಕೊಡಿ ಸಾ, ನಂಗೆ ಬಗ್ಗಾಕಾಗಲ್ಲ" ಅಂದ. ಹೊಳೆಗಿಳಿದು ಡಬ್ಬ ಡಬ್ಬ ನೀರು ತಂದು ದೋಣಿಯ ಹೊಟ್ಟೆಗೆ ಸುರಿದೆ. ಅವನು ಬೀಡಿ ಸೇದುತ್ತ ನೋಡುತ್ತಿದ್ದ. ಒಂದು ಹಂತದಲ್ಲಿ ಅಂಚು ಹಿಡಿದು ಕಷ್ಟದಿಂದ ಕೂತು, ಕೈಯನ್ನು ನೀರಿಗಿಟ್ಟು ನಾಲ್ಕು ಬೆರಳು ಅಳೆದ.

"ಸಾಕು ಸಾ" ಅಂದ. ಹಲಗೆ ಮುಚ್ಚಿ, ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡ. ಎದ್ದು ಹೋಗುವಾಗ ನನ್ನ ಮುಖ ನೋಡದೆ ಹೇಳಿದ: "ಇನ್ನೊಂದ್ಸಲ ಗೋಣಿಚೀಲದಲ್ಲಿ ಒರಸ್ಬ್ಯಾಡಿ."

ಆಮೇಲೆ ನನಗೆ ನಮ್ಮ ತಾಲ್ಲೂಕಿನ ಹೆಡತಲೆಯ ಕಡೆಗೆ ವರ್ಗವಾಯಿತು. ಎರಡು ಸಾವಿರದ ಇಸವಿಯ ಈಚೆಗೆ ಆ ಹೊಳೆಗೆ ಸೇತುವೆ ಬಂತು, ದೋಣಿ ನಿಂತಿತು, ಕೆಂಪಯ್ಯನೂ ಹೋದ. ತಿಥಿಗೆ ಹೋಗಿದ್ದೆ. ಮಹದೇವಮ್ಮ ಊಟ ಬಡಿಸಿದಳು, ಮಕ್ಕಳ ಯೋಗಕ್ಷೇಮ ಕೇಳಿದಳು. ಆ ಮಧ್ಯಾಹ್ನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ದೋಣಿ ಒರೆಸಿದ ಆ ಭಾನುವಾರ ದಡದಲ್ಲಿ ಯಾರೂ ಇರಲಿಲ್ಲ. ಯಾರಾದರೂ ದೂರದ ಗದ್ದೆಯಿಂದ ನೋಡಿ ಅವನಿಗೆ ಹೇಳಿರಬಹುದು. ಹಾಗೇ ಆಗಿರಬೇಕು ಅಂತ ನನ್ನ ಬುದ್ಧಿ ಇವತ್ತಿಗೂ ವಾದಿಸುತ್ತದೆ. ನಾನೂ ಒಪ್ಪಿಕೊಂಡು ಮಲಗುತ್ತೇನೆ. ಆದರೆ ಬಚ್ಚಲಲ್ಲಿ ಹೆಂಡತಿ ಹಂಡೆಯ ತಳಕ್ಕೆ ಚೊಂಬು ಉಜ್ಜಿ ನೀರು ಮೊಗೆದಳೆಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಅದಾದ ಮೇಲೆ ಎರಡು ಕುಟ್ಟು ಕೇಳಿಸುತ್ತದೇನೋ ಎಂದು ಕಾಯುತ್ತೇನೆ. ಕೇಳಿಸಿದರೆ, ಅಂದು ಕೆಂಪಯ್ಯನಿಗೆ ಹೇಳಲಾಗದೆ ಉಳಿದದ್ದನ್ನು ಈಗಲಾದರೂ ಹೇಳಿಬಿಡಬಹುದು.