ನಲ್ಲಪ್ಪನ ನಾಟಕದ ಕಾಯಂ ಕಳ್ಳ
ಆರಡಿ ಎತ್ತರ, ಗುಂಗುರು ಕೂದಲು, ಕಡುಕಪ್ಪು ಮೈ. ಬಣ್ಣ ಬಳಿಯುವ ಖರ್ಚಿಲ್ಲ, ಗ್ಯಾರಂಟಿ ಖಳ. ಅಪಾರ್ಟ್‌ಮೆಂಟಿನ ಗೇಟು ಕಾಯುವ ಮಂಗೇಶ ಸಿದ್ದಿಯನ್ನು ಬೊಮ್ಮಸಂದ್ರದ ಪ್ಲೈವುಡ್ ವ್ಯಾಪಾರಿ ನಲ್ಲಪ್ಪ ಮೊದಲ ನೋಟಕ್ಕೇ ಹೀಗೆ ಅಳೆದಿದ್ದ. ಅಂದಿನಿಂದ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ನಲ್ಲಪ್ಪ ಬರೆಯುವ ನಾಟಕಗಳಿಗೆಲ್ಲ ಮಂಗೇಶನೇ ಕಳ್ಳ. ಹಲ್ಲು ಕಡಿ ಎಂದರೆ ಕೊನೆಯ ಸಾಲಿಗೂ ಕೇಳುವಂತೆ ಕಡಿಯುತ್ತಾನೆ. ನಾಯಕ ಮಾತು ಮರೆತರೆ ಒದೆ ತಿನ್ನುತ್ತಲೇ ಪಿಸುಗುಟ್ಟಿ ನೆನಪಿಸುತ್ತಾನೆ. ಗೇಟಿನಲ್ಲಿ ಯಾರಾದರೂ ಯಾವ ದೇಶವೆಂದು ಇಂಗ್ಲಿಷಿನಲ್ಲಿ ಕೇಳಿದರೆ, “ಯಲ್ಲಾಪುರ ಸಾರ್, ಶಿರಸಿ ಹತ್ರ” ಎಂದು ಸೆಲ್ಯೂಟು ಹೊಡೆಯುತ್ತಾನೆ. ನಾಟಕದ ಮರುದಿನ ಮಾತ್ರ ಮಕ್ಕಳು ಅವನನ್ನು ಕಂಡು ಅಮ್ಮಂದಿರ ಬೆನ್ನ ಹಿಂದೆ ಅಡಗುತ್ತವೆ. ಹೋದ ವರ್ಷ ಮೂರನೇ ಮಹಡಿಯವರ ಸರ ಕಾಣೆಯಾದಾಗ ಎಲ್ಲರೂ ಮೊದಲು ತಡಕಿದ್ದು ಅವನ ಊಟದ ಚೀಲವನ್ನು. ಸರ ಸಿಕ್ಕಿದ್ದು ಅವರದೇ ಬಚ್ಚಲಿನಲ್ಲಿ. ಈ ಸಲದ ತಾಲೀಮಿನಲ್ಲಿ ಮಂಗೇಶ ಮೊದಲ ಬಾರಿಗೆ ಬಾಯಿಬಿಟ್ಟ: “ಅಣ್ಣಾ, ಈ ಕಳ್ಳ ಯಾಕೆ ಕದೀತಾನೆ? ನೀವು ಬರ್ದೇ ಇಲ್ವಲ್ಲ?” “ಕಳ್ಳ ಕಣೋ, ಕದೀದೆ ಇನ್ನೇನ್ ಪೂಜೆ ಮಾಡ್ತಾನಾ?” ಎಂದು ನಗುತ್ತ ನಲ್ಲಪ್ಪ ಹಾಳೆ ತಿರುವಿದ. ಹಸಿವಿಲ್ಲ, ಆಸೆಯಿಲ್ಲ, ಹಗೆಯಿಲ್ಲ. ಕಳ್ಳನ ಬಗ್ಗೆ ಅವನು ಬರೆದಿದ್ದದ್ದು ಮೈಬಣ್ಣವೊಂದೇ. ನಗು ಅಲ್ಲಿಗೇ ನಿಂತಿತು. ಮುಖ ನೋಡಿ ಗುರುತು ಹಿಡಿಯಲಾಗದ ಒಬ್ಬ ಕಳ್ಳನನ್ನು ಬರೆಯುವುದು ನಲ್ಲಪ್ಪ ಮಂಗೇಶನಿಗೆ ತೀರಿಸಬೇಕಾದ ಋಣ.