ತಾನ್ಸೇನ್‌ನ ಹಲಗೆ ಮನೆಯಲ್ಲಿ ಒಂದು ತಿಂಗಳು

ಬಾಗಲಕೋಟೆಯಿಂದ ಸೊಲ್ಲಾಪುರ, ಅಲ್ಲಿಂದ ರೈಲು ಬದಲಿಸಿ ಗೋರಖಪುರ, ಆಮೇಲೆ ಬಸ್ಸು. ಸುನೌಲಿಯಲ್ಲಿ ಬ್ಯಾಗು ಹೆಗಲಿಗೇರಿಸಿ ಗಡಿಯ ಕಮಾನನ್ನು ನಡೆದೇ ದಾಟಿದಾಗ ನನಗೆ ನಗು ತಡೆಯಲಾಗಲಿಲ್ಲ. ಇಳಕಲ್ಲಿನ ನಾನು ನಲವತ್ತು ದಾಟಿದ ಮೇಲೆ ಮೊದಲ ಸಲ ಹೊರದೇಶಕ್ಕೆ ಕಾಲಿಟ್ಟಿದ್ದೆ, ಅದೂ ಹವಾಯಿ ಚಪ್ಪಲಿಯಲ್ಲಿ. ನೇಪಾಳದ ಗುಡ್ಡದೂರು ತಾನ್ಸೇನ್‌ನ ಕಣ್ಣಿನ ಶಿಬಿರಕ್ಕೆ ಸ್ವಯಂಸೇವಕ ನರ್ಸುಗಳು ಬೇಕಾಗಿದ್ದರು. ನನ್ನ ಜೊತೆ ಬಾಗಲಕೋಟೆಯ ದವಾಖಾನೆಯಲ್ಲಿ ಕೆಲಸ ಮಾಡುವ ಹುನಗುಂದದ ಶಾಹೀನ್ ಕೂಡ ರಜೆ ಹಾಕಿ ಹೊರಟಿದ್ದಳು.

ಬುಟವಲ್ ದಾಟಿದ್ದೇ ರಸ್ತೆ ಮೇಲಕ್ಕೇರತೊಡಗಿತು. ಬಾದಾಮಿಯ ಬಂಡೆಗಳನ್ನೇ ಎತ್ತರವೆಂದುಕೊಂಡು ಬೆಳೆದವಳು ನಾನು. ಇಲ್ಲಿ ಕಿಟಕಿಯಿಂದ ಎಷ್ಟು ಬಗ್ಗಿ ನೋಡಿದರೂ ಗುಡ್ಡದ ತುದಿ ಸಿಗಲಿಲ್ಲ.

ನಮಗೆ ಕೊಟ್ಟ ಕೋಣೆ ಕಡಿದಾದ ಓಣಿಯ ಮನೆಯೊಂದರ ಮಹಡಿಯಲ್ಲಿತ್ತು. ಹಲಗೆಯ ನೆಲ, ತಗಡಿನ ಮಾಡು, ಎರಡು ಮಂಚ, ದಪ್ಪ ರಜಾಯಿ. ನಳ ಅಂಗಳದಲ್ಲಿ. ಬೆಳಿಗ್ಗೆ ಮುಖಕ್ಕೆ ನೀರು ಹಾಕಿಕೊಂಡ ಶಾಹೀನ್, "ಅಕ್ಕಾ, ಇದು ನೀರಲ್ರಿ, ಬ್ಲೇಡ್ ಐತಿ" ಎಂದಳು. ತಿರುಗಿದರೆ ಕೆಳಗಿನ ಕಣಿವೆ ತುಂಬ ಹಾಲಿನಂಥ ಮಂಜು. ಬ್ರಶ್ ಬಾಯಲ್ಲಿಟ್ಟುಕೊಂಡೇ ಇಬ್ಬರೂ ನಿಂತುಬಿಟ್ಟೆವು.

ಆ ಸಂಜೆ ಸಣ್ಣ ಗ್ಯಾಸ್ ಒಲೆ ಹಚ್ಚಿ, ಊರಿಂದ ತಂದ ಜೋಳದ ಹಿಟ್ಟು ಕಲಸಿ, ತಟ್ಟೆ ಬೋರಲು ಹಾಕಿ ರೊಟ್ಟಿ ಬಡಿಯತೊಡಗಿದೆ. ಹಲಗೆಯ ನೆಲ ಡೊಳ್ಳಿನಂತೆ ಮೊಳಗಿತು. ಮಾಡು ಕುಸಿಯಿತೆಂದುಕೊಂಡು ಮನೆಯೊಡತಿ ಮಾಯಾ ದೀದಿ ಓಡಿಬಂದಳು. ಒಲೆ ಕಂಡು, "ಇದು ಕಟ್ಟಿಗೆಯ ಮನೆ, ಮೇಲೆ ಬೆಂಕಿ ಬೇಡ" ಎಂದು ಹಿಂದಿಯಲ್ಲಿ ಹೇಳಿದಳು. ಕೋಣೆ ಹೋಯಿತೆಂದೇ ನಾವು ಹೆದರಿದೆವು. ಆಕೆ ಹಿಟ್ಟಿನ ಬುಟ್ಟಿ ಎತ್ತಿಕೊಂಡು, "ಕೆಳಗೆ ನನ್ನ ಒಲೆ ಇದೆಯಲ್ಲ" ಎಂದಳು.

ಅಂದಿನಿಂದ ನಮ್ಮ ಊಟ ಕೆಳಗೇ. ಎಲ್ಲರೂ ಆಮಾ ಎಂದು ಕರೆಯುವ ದೀದಿಯ ಅತ್ತೆ ರೊಟ್ಟಿಯನ್ನು ಬೆರಳಿನಿಂದ ತಡವಿ, ಶೇಂಗಾ ಚಟ್ನಿ ಹುಡುಕಿ ತಿನ್ನುತ್ತಿದ್ದರು. ಟಾರ್ಚ್ ಹಿಡಿದು ನೋಡಿದೆ. ಎರಡೂ ಕಣ್ಣಲ್ಲಿ ಬಲಿತ ಪೊರೆ. ಶಿಬಿರಕ್ಕೆ ಕರೆದರೆ ಒಪ್ಪಲಿಲ್ಲ. "ಈಗ ಬೆಳಕಾದರೂ ತಿಳಿಯುತ್ತದೆ. ಅದೂ ಹೋದರೆ?" ಎನ್ನುತ್ತಿದ್ದರು.

ಶಿಬಿರ ಮುಗಿಯುತ್ತ ಬಂತು. ಆಪರೇಶನ್ ಮಾಡುವ ಡಾಕ್ಟರು ಹೊರಡುವವರಿದ್ದರು. ಆಗ ಶಾಹೀನ್, "ಅಕ್ಕಾ, ನಮ್ಮ ದಾದಿಗೆ ಫೋನ್ ಹಚ್ಚೂಣೇನ್ರಿ? ಹೋದ ವರ್ಷ ಆಕೀದೂ ಆಪರೇಶನ್ ಆಗೇತಿ" ಎಂದಳು.

ಹುನಗುಂದದ ಮನೆಯಲ್ಲಿ ಕೌದಿ ಹೊಲೆಯುತ್ತ ಕುಳಿತಿದ್ದ ದಾದಿ, ಶಾಹೀನ್‌ಳ ಅಪ್ಪನ ತಾಯಿ, ಫೋನಿನ ಪರದೆಯ ಮೇಲೆ ಬಂದರು. ಮೊದಲು ನನಗೆ, "ಏನವ್ವಾ, ಥಂಡಿ ಭಾಳ ಐತೇನು?" ಎಂದರು. ಆಮೇಲೆ ಆಮಾ ಜೊತೆ ತಮ್ಮ ಉರ್ದುವಿನಲ್ಲಿ ಮಾತಿಗಿಳಿದರು. ಹಿಂದೆ ಗಂಡನ ನೌಕರಿಗೆಂದು ಲಖನೌದಲ್ಲಿದ್ದ ಆಮಾಗೆ ಅದು ಅರ್ಥವಾಗುತ್ತಿತ್ತು. ದಾದಿ ಸೂಜಿ ಎತ್ತಿ, ಕಣ್ಣ ಮುಂದೆ ಹಿಡಿದು, ದಾರ ಪೋಣಿಸಿದರು. ಆಮಾಗೆ ಪರದೆ ಕಾಣುತ್ತಿರಲಿಲ್ಲ. "ಪೋಣಿಸಿದರು ಆಮಾ, ಒಂದೇ ಸಲಕ್ಕೆ" ಎಂದು ಮಾಯಾ ದೀದಿ ಹೇಳಿದಳು.

"ನೋವಾಯಿತೇ?" ಆಮಾ ಕೇಳಿದರು.

"ಆಗ ಆಗಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಸೊಸೆ ಅಡುಗೆಮನೆ ಇಟ್ಟ ಚಂದ ಕಂಡಿತಲ್ಲ, ಆಗ ಆಯಿತು" ಎಂದರು ದಾದಿ.

ಆಮಾ ನಕ್ಕರು. ಮಾಯಾ ದೀದಿ ಇನ್ನೂ ಜೋರಾಗಿ ನಕ್ಕಳು. ಬೆಳಗಾಗುವಷ್ಟರಲ್ಲಿ ಆಮಾ ಶಾಲು ಹೊದ್ದು ಬಾಗಿಲಲ್ಲಿ ಕುಳಿತಿದ್ದರು.

ಒಂದು ಕಣ್ಣಿನ ಆಪರೇಶನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದವಳು ನಾನೇ. ಆಮಾ ರೆಪ್ಪೆ ಬಡಿದು, ಎದುರಿಗಿದ್ದ ಸೊಸೆಯನ್ನು ಬಹಳ ಹೊತ್ತು ನೋಡಿದರು. "ಮಾಯಾ, ನಿನ್ನ ತಲೆ ಯಾವಾಗ ಬೆಳ್ಳಗಾಯಿತು?" ಎಂದರು. ದೀದಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಾಹೀನ್ ಹೊರಗೆ ಓಡಿ ಹುನಗುಂದಕ್ಕೆ ಫೋನ್ ಹಚ್ಚಿದಳು.

ನಾವು ಹೊರಟ ದಿನ ಅತ್ತೆ ಸೊಸೆ ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಬಸ್ಸು ತಿರುವಿನ ಮೇಲೆ ತಿರುವು ಇಳಿಯಿತು. ಹಿಂದಿನ ಗಾಜಿನಲ್ಲಿ ಆಮಾ ಬರೀ ಶಾಲಿನ ಬಣ್ಣವಾಗಿ ಉಳಿದರು. ಆದರೂ ಅವರ ಕೈ ಬೀಸುತ್ತಲೇ ಇತ್ತು. ಅವರಿಗೆ ನಾವಿನ್ನೂ ಕಾಣುತ್ತಿದ್ದೆವು.