ಹದಿನೆಂಟನೇ ನಿಮಿಷಕ್ಕೆ ಕತ್ತರಿ ಹಾಕದಾಕೆ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಪುಟ್ಟ ಕೋಣೆಯಲ್ಲಿ ನಲವತ್ತಾರರ ಹೆಂಗಸೊಬ್ಬರು ಕುರ್ಚಿ ಹತ್ತಿ, ಸೂರಿನ ಕೊಕ್ಕೆಗೆ ಫೋನ್ ಕಟ್ಟುತ್ತಿದ್ದಾರೆ. ಫ್ರಿಜ್ ಆರಿಸಿಯಾಗಿದೆ. ಸದ್ದು ಪ್ರತಿಧ್ವನಿಸದಿರಲಿ ಎಂದು ಗೋಡೆಗೆ ಎರಡು ಕಂಬಳಿ ತೂಗುಬಿಟ್ಟಿದ್ದಾರೆ. ಆರಕ್ಕೆ ಕೆಳಗೆ ನೀರಿನ ಮೋಟಾರು ಗುರುಗುಟ್ಟತೊಡಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಮೇಜಿನ ಮುಂದೆ ಇಂದಿನ ಡಿಜೆ ನಿಂತಿದ್ದಾಳೆ. ಮಧ್ಯಾಹ್ನದ ಪಾಳಿಯಲ್ಲಿ ಬೇಕರಿಯಲ್ಲಿ ಹಿಟ್ಟು ನಾದುವ ಹುಡುಗಿ.

"ಒಂದ್ಸಲ ಚಪ್ಪಾಳೆ ತಟ್ಟಮ್ಮ," ಎನ್ನುತ್ತಾರೆ ಈಕೆ. ಆ ಒಂದು ಚಪ್ಪಾಳೆಯ ಚಿತ್ರವನ್ನೂ ಸದ್ದನ್ನೂ ಆಮೇಲೆ ಹೊಂದಿಸಿಬಿಟ್ಟರೆ ಮುಂದೆ ಕೈಗೂ ಹಾಡಿಗೂ ಕೂದಲೆಳೆಯ ಅಂತರವೂ ಉಳಿಯುವುದಿಲ್ಲ.

ಮನೆಯಲ್ಲೇ ಮಾಡಿದ ಡಿಜೆ ವೀಡಿಯೊಗಳ ಹಣೆಬರಹ ನಮಗೆಲ್ಲ ಗೊತ್ತು. ಸ್ಪೀಕರಿನ ಮುಂದೆ ಫೋನ್ ಇಟ್ಟು ಹಿಡಿದ, ತಗಡಿನ ಡಬ್ಬ ಬಡಿದಂಥ ಸದ್ದು. ಬಣ್ಣದ ದೀಪದಲ್ಲಿ ಹಲ್ಲು ಬಿಟ್ಟರೆ ಮಿಕ್ಕಿದ್ದೇನೂ ಕಾಣದ ಮುಖ. ಈಕೆ ಹಾಡು ಬೆರೆಸುವ ಮಿಕ್ಸರಿನಿಂದಲೇ ನೇರ ವೈರು ಎಳೆಯುತ್ತಾರೆ. ಜೊತೆಗೆ ಪುಟ್ಟ ಮೈಕಿನಲ್ಲಿ ಗುಂಡಿ ಒತ್ತುವ ಸದ್ದನ್ನೂ ಚಿಟಿಕೆಯಷ್ಟು ಬೆರೆಸುತ್ತಾರೆ. ಕ್ಯಾಮೆರಾ ನೋಡುವುದು ಕೈಯನ್ನು ಮಾತ್ರ. "ಮುಖ ತೋರ್ಸೋಕೆ ಫೋಟೊ ಇದೆಯಲ್ಲ," ಎಂದು, ಇವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಡಿಜೆಗಳ ಬಾಯಲ್ಲಿ ಇವರು ಸೌಂಡಕ್ಕ. ಮದುವೆ ವೀಡಿಯೊ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ಎಡಿಟಿಂಗ್ ಮಾಡಿದವರು. ವೀಡಿಯೊದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಮಾಲೀಕರಿರುತ್ತಿದ್ದರು, ಮಾಲೀಕರ ಅಳಿಯ ಇರುತ್ತಿದ್ದ. ಈಕೆಯನ್ನು ಮಾತ್ರ ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಈ ತಿಂಗಳು ಹನ್ನೊಂದು ಕೋಣೆಗಳಲ್ಲಿ ಚಿತ್ರೀಕರಿಸಿದ್ದಾರೆ. ಅದರಲ್ಲೊಂದನ್ನು ನೋಡಿದವರು ಬರೀ ನಲವತ್ತಮೂರು ಜನ. ಅದಕ್ಕೂ ಎರಡು ದಿನ ಕೂತಿದ್ದಾರೆ.

ತಪ್ಪಿಗೆ ತೇಪೆ ಹಾಕುವುದಿಲ್ಲ ಎಂಬುದು ಇವರ ಹಟ. ಆರು ವರ್ಷದ ಹಿಂದೆ ತಮ್ಮನ ವೀಡಿಯೊದಲ್ಲಿ ತಾಳ ತಪ್ಪಿದ ಜಾಗಕ್ಕೆ, ಅಕ್ಕರೆಯಿಂದಲೇ, ಬೇರೆ ದಿನದ ಸದ್ದು ಅಂಟಿಸಿದ್ದರು. ಕೈ ಒಂದು ಕಡೆ, ಹಾಡು ಇನ್ನೊಂದು ಕಡೆ. ನೋಡಿದವರು ಅವನನ್ನು ಮೋಸಗಾರ ಎಂದು ಜರಿದರು. ಅವನು ಮಿಕ್ಸರ್ ಮಾರಿಬಿಟ್ಟ, ಮತ್ತೆ ನುಡಿಸಲಿಲ್ಲ. "ತಪ್ಪು ಮಾಡಿದ್ದು ಅವನಲ್ಲ, ನಾನು. ಬೈಗುಳ ತಿಂದಿದ್ದು ಮಾತ್ರ ಅವನು," ಎನ್ನುತ್ತಾರೆ.

ಇಂದು ಬೇಕರಿ ಹುಡುಗಿಯೂ ಹದಿನೆಂಟನೇ ನಿಮಿಷದಲ್ಲಿ ಎಡವುತ್ತಾಳೆ. ಎರಡು ಹಾಡುಗಳ ತಾಳ ಹನ್ನೊಂದು ಸೆಕೆಂಡು ಚೆಲ್ಲಾಪಿಲ್ಲಿಯಾಗುತ್ತದೆ. ಬೆವರಿದ ಬೆರಳುಗಳಲ್ಲೇ ಅದನ್ನು ಹಿಡಿದು ದಾರಿಗೆ ತರುತ್ತಾಳೆ. ಹತ್ತು ಗಂಟೆಗೆ ವೀಡಿಯೊ ಹೋಗುವುದು ಒಂದು ದೊಡ್ಡ ಸಭಾಂಗಣದ ಆಯ್ಕೆಗಾರನಿಗೆ. ಅಲ್ಲಿ ನುಡಿಸುವುದು ಅವಳ ಎರಡು ವರ್ಷದ ಕನಸು. ಹನ್ನೊಂದಕ್ಕೆ ಸೌಂಡಕ್ಕನಿಗೆ ಅವನ ಫೋನು ಬರುತ್ತದೆ: ಕ್ವಾಲಿಟಿ ಚೆನ್ನಾಗಿದೆ, ಆ ಹನ್ನೊಂದು ಸೆಕೆಂಡು ಮುಚ್ಚಿಬಿಡಿ, ವೇದಿಕೆ ಕೊಡೋಣ. ಆಯ್ಕೆಯಾದವರ ಪಟ್ಟಿ ಮಧ್ಯಾಹ್ನಕ್ಕೇ ಮುಗಿಯುವುದರಿಂದ ಮತ್ತೊಮ್ಮೆ ನುಡಿಸಲು ಹೊತ್ತಿಲ್ಲ.

"ಕ್ವಾಲಿಟಿ ಅಂದ್ರೆ ಕೈ ಮಾಡಿದ್ದೇ ಕಿವಿಗೆ ಬೀಳೋದು, ಸ್ವಾಮಿ. ನಾನು ಮುಚ್ಚಲ್ಲ," ಎನ್ನುತ್ತಾರೆ ಸೌಂಡಕ್ಕ. ಹುಡುಗಿಯ ಕಣ್ಣು ತುಂಬುತ್ತದೆ. ಅವಳ ಮುಂದೆ ಫೈಲು ಇಡುತ್ತಾರೆ: ಬೇರೆ ಯಾರ ಹತ್ತಿರವಾದರೂ ಮುಚ್ಚಿಸಿಕೊಳ್ಳಬಹುದು, ತಮಗೆ ಬೇಸರವಿಲ್ಲ. ಹುಡುಗಿ ಆ ಹನ್ನೊಂದು ಸೆಕೆಂಡನ್ನು ಮೂರು ಸಲ ನೋಡುತ್ತಾಳೆ. "ಹಿಡ್ಕೊಂಡಿದ್ದು ನಾನೇ ಅಲ್ವಾ ಅಕ್ಕ," ಎಂದು, ಇದ್ದಂತೆಯೇ ಅಂತರ್ಜಾಲಕ್ಕೆ ಏರಿಸುತ್ತಾಳೆ. ಪಟ್ಟಿಯಲ್ಲಿ ಅವಳ ಹೆಸರು ಬರುವುದಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತದೆ.

ಸೌಂಡಕ್ಕ ಕಂಬಳಿ ಮಡಚುತ್ತಿದ್ದಾರೆ. ಈಗಲಾದರೂ ವೀಡಿಯೊದ ಕೆಳಗೆ ನಿಮ್ಮ ಹೆಸರು ಬೇಡವೇ ಎಂದು ಕೇಳುತ್ತೇನೆ.

"ನನ್ ಹೆಸರು ಯಾಕೆ? ಇದ್ರಲ್ಲಿ ತಪ್ಪೂ ಅವಳದೇ, ಸರಿಯೂ ಅವಳದೇ ಅಂತ ಒಂದು ಸಾಲು ಹಾಕ್ಲಿ. ಸಾಕು."